ಏಳೂವರೆ ಗೇಣಿನ ಗೂಡು

ಕೆರೆಯ ಮೇಲಕ್ಕೆ ಬಾಗಿದ ಒಂದು ಜಾಲಿಮರ. ಅದರ ತುಂಬ ಗೀಜಗ ಹಕ್ಕಿಗಳ ಗೂಡುಗಳು. ಗೀಜಗನ ಗೂಡು ನೋಡಿದ್ದೀರಲ್ಲ ಮಕ್ಕಳೇ? ಮೇಲೆ ಗುಂಡಗಿನ ಕೋಣೆ, ಕೆಳಗೆ ಒಂದು ಗೇಣುದ್ದದ ಕೊಳವೆ. ಹಾವು ನುಗ್ಗಬಾರದಲ್ಲ, ಅದಕ್ಕೆ. ಒಂದು ಗೇಣು ಧಾರಾಳ ಸಾಕು.

ಆದರೆ ಆ ಮರದಲ್ಲೊಂದು ಪದ್ಧತಿ ಇತ್ತು. ಪ್ರತಿ ಮಳೆಗಾಲ ಓತಿಕ್ಯಾತ ಬಂದು ತನ್ನ ಬಾಲದಿಂದ ಕೊಳವೆಗಳನ್ನು ಅಳೆಯುತ್ತಿದ್ದ. ಹೋದ ವರ್ಷಕ್ಕಿಂತ ಉದ್ದವಾಗಿದ್ದರೆ, "ಮರ ಏಳಿಗೆಗೆ ಬಂತು" ಎಂದು ತಲೆ ಆಡಿಸುತ್ತಿದ್ದ. ಎಲ್ಲರೂ ಹಿಗ್ಗುತ್ತಿದ್ದರು. ಹೀಗೆ ಒಂದು ಗೇಣು ಎರಡಾಯಿತು, ಎರಡು ನಾಲ್ಕಾಯಿತು. ಈ ವರ್ಷ ಜಗ್ಗಣ್ಣ ಎಂಬ ಗೀಜಗನ ಕೊಳವೆ ಏಳು ಗೇಣು. ತುದಿ ನೀರು ಮುಟ್ಟುವುದೊಂದು ಬಾಕಿ.

ಅವನ ಹೆಂಡತಿ ಹೊನ್ನಿಗೆ ಮೂರು ಮರಿಗಳು. ಅವಳು ಮಿಡತೆ ಕಚ್ಚಿಕೊಂಡು ಕೊಳವೆ ಹತ್ತತೊಡಗಿದಳು. ಮೂರನೆಯ ಗೇಣಿಗೆ ಏದುಸಿರು. ಐದನೆಯ ಗೇಣಿಗೆ ಕಣ್ಣು ಕತ್ತಲೆ. ಆರನೆಯದರಲ್ಲಿ ಕೂತು ಮಿಡತೆಯನ್ನು ತಾನೇ ತಿಂದಳು. ತಿನ್ನದಿದ್ದರೆ ಏಳನೆಯದನ್ನು ಹತ್ತುವ ಹಾಗಿರಲಿಲ್ಲ.

ಮೇಲೆ ಎರಡು ಮರಿಗಳು ಬಾಯಿ ತೆರೆದವು. ಕಿರಿಯದಕ್ಕೆ ಬಾಯಿ ತೆರೆಯಲೂ ಶಕ್ತಿ ಇರಲಿಲ್ಲ. ಹೊನ್ನಿ ಕೆಳಗೆ ಹೆಣೆಯುತ್ತಿದ್ದ ಗಂಡನನ್ನು ಕೂಗಿದಳು.

"ರೀ, ಮರಿ ಸಾಯ್ತಾ ಇದೆ. ನೀವೂ ನಾಲ್ಕು ಹುಳ ತನ್ನಿ!"

"ಪುರುಸೊತ್ತೆಲ್ಲಿದೆಯೇ? ನಾಳೆ ಅಳತೆ. ಇನ್ನರ್ಧ ಗೇಣು ಹೆಣೆಯಬೇಕು" ಎಂದ ಜಗ್ಗಣ್ಣ, ಬಾಯಲ್ಲಿ ಹುಲ್ಲು ಇಟ್ಟುಕೊಂಡೇ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!"

"ಇದೆಲ್ಲ ಮಕ್ಕಳಿಗೋಸ್ಕರ ತಾನೇ?" ಎಂದು ಅವನು ಹೆಣೆಯುತ್ತಲೇ ಇದ್ದ.

ಮರುದಿನ ಓತಿಕ್ಯಾತ ಅಳೆಯುತ್ತ ಅಳೆಯುತ್ತ ಕೊಳವೆಯ ತುದಿಗೆ ಇಳಿದ. "ಏಳೂವರೆ! ಭೇಷ್ ಜಗ್ಗಣ್ಣ! ಈ ಮರದಲ್ಲಿ ನಿನ್ನಷ್ಟು ಸುಖವಾಗಿರುವವರು ಯಾರೂ ಇಲ್ಲ."

"ಓತಿ ಮಾವ, ಮರಿಗಳ ಹೊಟ್ಟೆ ಅಳೆದಿರಾ?" ಎಂದಳು ಹೊನ್ನಿ.

"ಅದು ನಮ್ಮ ಅಳತೆಗೆ ಬರೋದಿಲ್ಲಮ್ಮ."

"ಒಮ್ಮೆ ಒಳಗೆ ಹತ್ತಿ ನೋಡಿಬಿಡಿ."

ಓತಿಕ್ಯಾತ ಕತ್ತೆತ್ತಿ ಕೊಳವೆಯೊಳಗೆ ಇಣುಕಿದ. "ಅಬ್ಬಬ್ಬಾ! ಅಷ್ಟು ಮೇಲಕ್ಕೆ ಯಾರು ಹತ್ತುತ್ತಾರೆ!"

ಹೊನ್ನಿ ಮೇಲಕ್ಕೆ ಹಾರಿದಳು. ಮೇಲಿನಿಂದ ಒಂದು ಗೇಣು ಬಿಟ್ಟು, ಕೊಳವೆಯನ್ನು ಕುಕ್ಕತೊಡಗಿದಳು. ಓತಿಕ್ಯಾತ ಇನ್ನೂ ತಲೆ ಆಡಿಸುತ್ತಲೇ ಇದ್ದ. ಆರೂವರೆ ಗೇಣು ಏಳಿಗೆ, ಅಳೆಯುವವನ ಸಮೇತ, ಕೆರೆಗೆ ಬಿತ್ತು.

"ಅಯ್ಯೋ, ಮರ ಹಾಳಾಯಿತು!" ಎಂದು ಅವನು ಈಜುತ್ತಲೇ ಕೂಗಿದ.

ಅಷ್ಟರಲ್ಲಿ ಹೊನ್ನಿ ಮಿಡತೆ ಹಿಡಿದು ಒಂದೇ ನೆಗೆತಕ್ಕೆ ಒಳಗೆ ಹೋಗಿದ್ದಳು. ಕಿರಿಯ ಮರಿಯ ಕೊಕ್ಕು ಬಿಡಿಸಿ ತುರುಕಬೇಕಾಯಿತು. ಎರಡನೆಯ ಮಿಡತೆಯನ್ನೂ ಹಾಗೇ ತುರುಕಿದಳು. ಮೂರನೆಯ ಮಿಡತೆಗೆ ಅದು ತಾನೇ ಬಾಯಿ ತೆರೆದು "ಚೀಂ" ಎಂದಿತು. ಹೊನ್ನಿ ಅತ್ತುಬಿಟ್ಟಳು.

ಜಗ್ಗಣ್ಣ ಬಾಯಲ್ಲಿದ್ದ ಹುಲ್ಲು ಉಗುಳಿದ. "ಅಲ್ಲಾ, ಈ ಮಿಡತೆಗಳು ಎಲ್ಲಿ ಸಿಗುತ್ತವೆ?" ಎಂದು ಮೆಲ್ಲಗೆ ಕೇಳಿದ.

ನೀತಿ: ಗೂಡು ಎಷ್ಟು ಬೆಳೆಯಿತೆಂದು ಅಳೆಯುವ ಮೊದಲು, ಒಳಗಿರುವವರ ಹೊಟ್ಟೆ ತುಂಬಿತೇ ಎಂದು ನೋಡಬೇಕು.