ಅರಗು ಬಿಡಿಸಿದ ದುರ್ಬೀನು

"ಗುರುಗಳೇ, ನಾನು ದಾನ ಕೊಟ್ಟ ವಸ್ತುವನ್ನು ಪಡೆದವರು ನಾನು ಹೇಳಿದಂತೆ ಬಳಸದಿದ್ದರೆ, ಅದನ್ನು ಹಿಂದಕ್ಕೆ ಕೇಳುವುದು ತಪ್ಪೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಹಕ್ಕಿಗಳೆಂದರೆ ಅವಳಿಗೆ ಪ್ರಾಣ. ದಿನವೂ ಬೆಳಗ್ಗೆ ಕೆರೆ ಏರಿಯ ಮೇಲೆ ನಿಂತು ನೋಡುತ್ತಿದ್ದಳು. ಆದರೆ ಹಕ್ಕಿಗಳು ಕೂರುತ್ತಿದ್ದದ್ದು ಕೆರೆಯ ನಡುಗಡ್ಡೆಯಲ್ಲಿ. ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು ಕೊಳ್ಳುವಷ್ಟು ಅನುಕೂಲ ಅವಳಿಗಿರಲಿಲ್ಲ.

ಆ ವರ್ಷ ಚಾಪೆ ಹೆಣೆಯುವವರು ನಡುಗಡ್ಡೆಯ ಜೊಂಡು ಕೊಯ್ಯಲು ಬಂದರು. ಜೊಂಡಿನೊಳಗೆ ಗೂಡುಗಳಿರಬಹುದು ಎಂದು ಅವಳು ಅಡ್ಡ ನಿಂತಳು.

"ಗೂಡು ಇದ್ದರೆ ಕುಡುಗೋಲು ಹಾಕುವುದಿಲ್ಲ ತಾಯಿ. ಆದರೆ ಇರಬಹುದು ಅಂದರೆ ನಮ್ಮ ಹೊಟ್ಟೆ ಕೇಳುತ್ತದೆಯೇ? ಕಣ್ಣಾರೆ ಕಂಡು ಹೇಳು. ನಾಳೆವರೆಗೆ ಕಾಯುತ್ತೇವೆ" ಎಂದರು ಅವರು.

ದೋಣಿಯಲ್ಲಿ ಹತ್ತಿರ ಹೋದರೆ ಹಕ್ಕಿಗಳು ಬೆದರಿ ಗೂಡು ಬಿಟ್ಟುಬಿಡುತ್ತವೆ. ಆದ್ದರಿಂದ ದೂರದಿಂದಲೇ ನೋಡಬೇಕಿತ್ತು.

ಅದೇ ಏರಿಯ ಮೇಲೆ ಹಕ್ಕಿ ನೋಡುತ್ತಿದ್ದ ವರ್ತಕನೊಬ್ಬ ಅಂದು ವ್ಯಾಪಾರಕ್ಕೆಂದು ಪರಸ್ಥಳಕ್ಕೆ ಹೊರಟಿದ್ದ. ಅವನು ಹೊಸ ದುರ್ಬೀನು ಕೊಂಡಿದ್ದ. ಹಳೆಯದನ್ನು ಅವಳಿಗೆ ದಾನ ಕೊಟ್ಟ. "ತಿರುಪನ್ನು ಮಾತ್ರ ಮುಟ್ಟಬೇಡಮ್ಮ. ನಡುಗಡ್ಡೆ ಸರಿಯಾಗಿ ಕಾಣುವಂತೆ ಹೊಂದಿಸಿ ಅರಗು ಹಾಕಿದ್ದೇನೆ" ಎಂದು ಹೇಳಿ ಹೋದ. ವರ್ತಕನದು ಮಂದದೃಷ್ಟಿ. ತಿರುಪು ಹೊಂದಿದ್ದದ್ದು ಅವನ ಕಣ್ಣಿಗೆ.

ಅವಳು ನೋಡಿದಳು. ಎಲ್ಲವೂ ಮಂಜು. ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ದೋಷ ತನ್ನ ಕಣ್ಣಿನದೇ ಎಂದುಕೊಂಡಳು. ಕೊಟ್ಟವರ ಮಾತು ಮೀರಲು ಅವಳಿಗೆ ಸಂಕೋಚ.

ಮರುದಿನ ಬೆಳಗ್ಗೆ ಚಾಪೆಯವರ ದೋಣಿ ನೀರಿಗಿಳಿಯಿತು. ಅವಳು ಸಂಕೋಚ ಬಿಟ್ಟಳು. ಕತ್ತರಿಯ ತುದಿಯಿಂದ ಅರಗು ಎಬ್ಬಿಸಿ ತಿರುಪು ತಿರುಗಿಸಿದಳು. ಜೊಂಡಿನ ಬುಡದಲ್ಲಿ ಗೂಡು ಕಂಡಿತು, ಗೂಡಿನಲ್ಲಿ ಬಾಯ್ದೆರೆದ ಮರಿಗಳು.

"ಮರಿಗಳಿವೆ, ದೋಣಿ ತಿರುಗಿಸಿ!" ಎಂದು ಕೂಗಿದಳು.

ಚಾಪೆಯವರು ಏರಿಗೆ ಬಂದು, ತಮ್ಮ ತಮ್ಮ ಕಣ್ಣಿಗೆ ತಿರುಪು ತಿರುಗಿಸಿಕೊಂಡು ನೋಡಿದರು. ಕುಡುಗೋಲು ಕಟ್ಟಿಟ್ಟು ಹೊರಟುಹೋದರು.

ವರ್ತಕ ಊರಿಗೆ ಮರಳಿದವನು ನೇರವಾಗಿ ಏರಿಗೆ ಬಂದ. ಅವಳ ಕೈಯಿಂದ ಹಳೆಯ ದುರ್ಬೀನು ತೆಗೆದುಕೊಂಡು ಕಣ್ಣಿಗಿಟ್ಟ. ಏನೂ ಕಾಣಲಿಲ್ಲ.

"ಕೆಡಿಸಿಬಿಟ್ಟೆಯಲ್ಲಮ್ಮ! ಹೀಗಾಗುತ್ತದೆಂದು ಗೊತ್ತಿದ್ದರೆ ನಾನೇ ಇಟ್ಟುಕೊಳ್ಳುತ್ತಿದ್ದೆ."

"ಕೆಡಿಸಲಿಲ್ಲ ಸಾಹುಕಾರರೇ. ನಿಮ್ಮ ಮಾತು ಕೇಳಿದ್ದರೆ ಆ ಮರಿಗಳು ಇರುತ್ತಿರಲಿಲ್ಲ" ಎಂದು ಅವಳು ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

ವರ್ತಕನ ಬೆರಳು ತಿರುಪಿನ ಮೇಲಿತ್ತು. ತುಸು ತಿರುಗಿಸಿದರೆ ಅವನಿಗೂ ಕಾಣುತ್ತಿತ್ತು. ಅವನು ತಿರುಗಿಸಲಿಲ್ಲ. ದುರ್ಬೀನನ್ನು ಹಾಗೆಯೇ ಅವಳ ಕೈಗಿಟ್ಟು, "ಎಷ್ಟು ಮರಿಗಳಿವೆ, ನೋಡಿ ನೀನೇ ಹೇಳು" ಎಂದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಕಡೆ ನೋಡಿದರು.

"ಈಗ ಹೇಳು, ವರ್ತಕ ಆ ದುರ್ಬೀನನ್ನು ದಾನ ಕೊಟ್ಟದ್ದು ಯಾವಾಗ?"