ಹಸಿರು ದೀಪ ನಿಲ್ಲುವವರೆಗೆ

"ಒಬ್ಬನ್ನ ನಂಬೂಕಿಂತ ಮೊದಲ ಪರೀಕ್ಷೆ ಮಾಡಿ ನೋಡೂದು ತಪ್ಪೇನ್ರಿ ಅಪ್ಪಾರ?" ಎಂದು ಮರಿದೇವ ಕೇಳಿದ.

ಮರಿದೇವ ಮಠದ ದಾಸೋಹದ ಉಸ್ತುವಾರಿ ನೋಡಿಕೊಳ್ಳುವ ಶಿಷ್ಯ. ಒಂದು ವರ್ಷದಲ್ಲಿ ನಾಲ್ವರು ಅಡುಗೆಯವರನ್ನು ಮನೆಗೆ ಕಳುಹಿಸಿದ್ದ. ಒಬ್ಬ ಬೇಳೆ ತೊಳೆಯುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಇನ್ನೊಬ್ಬ ಕೇಳದೇ ಇದ್ದರೂ ಉಗ್ರಾಣದ ಬೀಗದ ಕೈ ತಂದು ಒಪ್ಪಿಸುತ್ತಿದ್ದ. ಅನುಮಾನ ಪಡಲು ಅವನಿಗೆ ಇಷ್ಟು ಸಾಕಾಗಿತ್ತು. ಈಗ ಐದನೆಯವನು ಬಂದು ನಾಲ್ಕು ದಿನವಾಗಿತ್ತು. ಅವನನ್ನೂ ಕಳುಹಿಸಲು ಅಪ್ಪಣೆ ಬೇಕೆಂದು ಮರಿದೇವ ಗುರುಗಳ ಮುಂದೆ ಕೂತಿದ್ದ. ಆ ಅಡುಗೆಯವನು ಗಂಟು ಕಟ್ಟಿಕೊಂಡು ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಅಣೆಕಟ್ಟು. ಅದರ ಕೆಳಗೆ, ಗುಡ್ಡದ ಆಚೆ, ಜನ ದೋಣಿಯಲ್ಲಿ ಹೊಳೆ ದಾಟುವ ಜಾಗ. ಹೇಳದೆ ಕೇಳದೆ ನೀರು ಬಿಟ್ಟಿದ್ದರಿಂದ ಹಿಂದಿನ ತಿಂಗಳು ಅಲ್ಲೊಂದು ದೋಣಿ ಮಗುಚಿಕೊಳ್ಳುವುದರಲ್ಲಿತ್ತು. ಅಂದಿನಿಂದ ದೋಣಿ ನಿಂತಿತು. ನೀರು ಬಿಡುವ ಮೊದಲು ಅಣೆಕಟ್ಟಿನ ಕಚೇರಿಯಿಂದಲೇ ಹೊಳೆಯ ದಂಡೆಯಲ್ಲಿ ಸೈರನ್ ಕೂಗಿಸುವ ಏರ್ಪಾಟಾಗಬೇಕು, ಅದು ಒಮ್ಮೆ ಕೂಗಿದ ಮೇಲೆಯೇ ದೋಣಿ ಬಿಡಬೇಕು ಎಂದು ಮೇಲಿನವರು ಹೇಳಿದ್ದರು.

ಎರಡೂ ಕಡೆಯ ನಡುವೆ ಹಳೆಯ ಟೆಲಿಫೋನಿನ ಒಂದು ಜೊತೆ ತಾಮ್ರದ ತಂತಿ ಇತ್ತು. ಕಚೇರಿಯಲ್ಲಿ ಗುಂಡಿ ಒತ್ತಿದರೆ ದಂಡೆಯ ಸೈರನ್ನಿಗೆ ಸಂಕೇತ ಮುಟ್ಟಿಸಲು ಅದರ ಎರಡು ತುದಿಗೆ ಎರಡು ಮೋಡೆಮ್ ಕೂರಿಸುವುದೆಂದಾಯಿತು. ಕಚೇರಿಯ ತುದಿಗೆ ಒಬ್ಬ ಲೈನ್‌ಮನ್ ಬಂದ. ದಂಡೆಯ ತುದಿಗೆ ಬೇರೆ ಊರಿನಿಂದ ಇನ್ನೊಬ್ಬ ಬಂದ. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಈ ಮೋಡೆಮ್‌ಗಳ ರೀತಿ ಹೀಗೆ. ಸ್ವಿಚ್ ಹಾಕಿದೊಡನೆ ಅವು ಕೂಡಿಕೊಳ್ಳುವುದಿಲ್ಲ. ತಂತಿ ಎಷ್ಟು ಸವೆದಿದೆ, ಎಲ್ಲಿ ಗದ್ದಲವಿದೆ, ಎಷ್ಟು ವೇಗ ತಡೆದೀತು ಎಂದು ಎರಡೂ ಸೇರಿ ನೋಡಿಕೊಳ್ಳುತ್ತವೆ. ಅಲ್ಲಿಯವರೆಗೆ ಎರಡೂ ಕಡೆ ಹಸಿರು ದೀಪ ಮಿನುಗುತ್ತದೆ. ನೋಡಿ ಮುಗಿದ ಮೇಲೆ ದೀಪ ಮಿನುಗದೆ ನಿಂತು ಉರಿಯುತ್ತದೆ. ತಂತಿ ಹಳೆಯದಾದರೆ ಕಾಲು ಗಂಟೆ ಹಿಡಿದೀತು. ನಡುವೆ ಯಾವ ಕಡೆಯವನು ಸ್ವಿಚ್ ತೆಗೆದರೂ ಮತ್ತೆ ಮೊದಲಿನಿಂದ ಶುರು.

ಲೈನ್‌ಮನ್‌ಗೆ ಇದು ಗೊತ್ತಿರದ ಸಂಗತಿಯಲ್ಲ. ಹತ್ತು ಹನ್ನೆರಡು ಕಡೆ ಕೂರಿಸಿದವನು. ಟೆಲಿಫೋನ್ ತೆಗೆದು ಮೋಡೆಮ್ ಹಾಕುವ ಮೊದಲು ಅದೇ ತಂತಿಯಲ್ಲಿ ಅವನೇ ಆಚೆಯವನಿಗೆ ಎಲ್ಲ ವಿವರಿಸಿದ. ಹತ್ತು ಗಂಟೆಗೆ ಸರಿಯಾಗಿ ಸ್ವಿಚ್ ಹಾಕಬೇಕು, ಆಮೇಲೆ ಮುಟ್ಟಬಾರದು. ಆಚೆಯವನು ಎಲ್ಲದಕ್ಕೂ "ಆತ್ರಿ ಅಣ್ಣಾರ" ಎಂದ. ಕೊನೆಗೆ, "ಒಬ್ಬಾಕಿ ಹೆಣ್ಮಗಳು ಮುಂಜಾನಿಂದ ಇಲ್ಲೇ ಕುಂತಾಳ್ರಿ. ಆಚಿ ದಂಡ್ಯಾಗ ಆಕಿ ಅವ್ವ ಕಡೀ ಉಸಿರಿಗೆ ಬಂದಾಳಂತ. ಲಗೂನ ಆದ್ರ ಚಲೋ ಆಕ್ಕೈತಿ" ಎಂದ.

ಲೈನ್‌ಮನ್ ಫೋನ್ ಇಟ್ಟ. ಇಷ್ಟು ಬೇಗ ಎಲ್ಲಕ್ಕೂ ಒಪ್ಪುವವನು ಕೆಲಸ ಮಾಡುವವನಲ್ಲ ಎಂದುಕೊಂಡ. ಆ ಹೆಂಗಸಿನ ಮಾತೂ ಅವನಿಗೆ ಸರಿಬರಲಿಲ್ಲ. ತನಗೆ ಅವಸರ ಹಚ್ಚಿ, ಎಡವಿಸಿ, ತಪ್ಪನ್ನು ತನ್ನ ತಲೆಗೆ ಕಟ್ಟಲು ಹೂಡಿದ ಆಟವಿರಬೇಕು ಎನಿಸಿತು.

ಹತ್ತಕ್ಕೆ ಸ್ವಿಚ್ ಹಾಕಿದ. ದೀಪ ಮಿನುಗತೊಡಗಿತು. ಐದು ನಿಮಿಷ ನೋಡಿದ, ಎಂಟು ನಿಮಿಷ ನೋಡಿದ. ಆಚೆಯವನು ಚಹಾ ಕುಡಿಯಲು ಹೋಗಿರಬಹುದು. ತಂತಿಯನ್ನು ಸ್ಕ್ರೂಗೆ ಬಿಗಿಯದೆ ಸುಮ್ಮನೆ ತಾಗಿಸಿರಬಹುದು. ಬೇಕೆಂದೇ ಸ್ವಿಚ್ ಆಡಿಸುತ್ತಿರಬಹುದು. ಹತ್ತನೆಯ ನಿಮಿಷಕ್ಕೆ ತಡೆಯಲಾಗಲಿಲ್ಲ. ನೋಡೇಬಿಡೋಣವೆಂದು ತನ್ನ ಕಡೆ ಸ್ವಿಚ್ ತೆಗೆದು ಮತ್ತೆ ಹಾಕಿದ.

ಮತ್ತೆ ಮಿನುಗಿತು. ಮತ್ತೆ ಹತ್ತು ನಿಮಿಷ ಕಾದ. ಮತ್ತೆ ತೆಗೆದ. ಆಚೆಯವನನ್ನು ಕೇಳೋಣವೆಂದರೆ ಟೆಲಿಫೋನ್ ತೆಗೆದಾಗಿತ್ತು, ಗುಡ್ಡದ ಆಚೆ ಮೊಬೈಲ್ ಹಿಡಿಯುತ್ತಿರಲಿಲ್ಲ. ನಡುನಡುವೆ ತನ್ನ ತಂತಿ ಬಿಚ್ಚಿ ನೋಡಿದ. ಎಲ್ಲ ಸರಿಯಿತ್ತು. ತನ್ನದು ಸರಿಯಿದ್ದಷ್ಟೂ ಆಚೆಯವನ ಮೇಲಿನ ಸಿಟ್ಟು ಏರಿತು. ಹೀಗೆ ಏಳು ಸಲವಾಯಿತು. ಹನ್ನೆರಡು ಹೊಡೆಯಿತು.

ಇವನನ್ನು ಕಣ್ಣಾರೆ ಹಿಡಿದೇ ತೀರಬೇಕು ಎಂದು ಲೈನ್‌ಮನ್ ಎದ್ದ. ಗುಡ್ಡದ ಮೇಲಿನ ತಂತಿಯ ದಾರಿ ಮೂರು ಮೈಲಿ, ರಸ್ತೆ ಸುತ್ತಿಕೊಂಡು ಹೋದರೆ ಇಪ್ಪತ್ತು. ಹೊರಡುವ ಮೊದಲು ಮೋಡೆಮ್ ಮತ್ತೊಮ್ಮೆ ಹಾಕಿದ. ನಿನ್ನ ಕಡೆಯೇ ಆರಿತ್ತು ಎಂದು ನಾಳೆ ಆಚೆಯವನು ಹೇಳಬಾರದಲ್ಲ. ಕಚೇರಿಯವರ ಮೇಲೂ ನಂಬಿಕೆ ಸಾಲಲಿಲ್ಲ. ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ.

ದಂಡೆ ಮುಟ್ಟಿದಾಗ ಒಂದು ಗಂಟೆ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಸದ್ದು ಮಾಡದೆ ಬಂದು ಬಾಗಿಲಲ್ಲಿ ಇಣುಕಿದ. ಆಚೆಯವನು ಮೋಡೆಮ್ ಮುಂದೆ ಕೈಕಟ್ಟಿ ಕೂತಿದ್ದ. ಹಸಿರು ದೀಪ ಮಿನುಗದೆ ಉರಿಯುತ್ತಿತ್ತು.

"ಏನು ಮಾಡಿದಿ?" ಎಂದು ಲೈನ್‌ಮನ್ ಗದರಿದ.

"ನಾ ಏನೂ ಮಾಡಿಲ್ರಿ ಅಣ್ಣಾರ. ಹತ್ತಕ್ಕ ಹಾಕಿದ್ದು, ಮುಟ್ಟಬ್ಯಾಡ ಅಂದಿದ್ರಿ, ಮುಟ್ಟಿಲ್ಲ. ಏಳು ಸಲ ದೀಪ ಇನ್ನೇನ ನಿಂತಿತು ಅನ್ನೂದ್ರಾಗ ಕಡಕೊಂತ್ರಿ. ಎಂಟನೇ ಸಲಕ್ಕ ತಾನ ನಿಂತೈತಿ, ಮುಕ್ಕಾಲು ತಾಸಾತು. ಸೈರನ್ ಒತ್ತತೀರಿ ಅಂತ ಕಾಯಾಕತ್ತೀನಿ. ಒತ್ತಲಿಲ್ಲಲ್ರಿ?"

ಸೈರನ್ನಿನ ಗುಂಡಿ ಕಚೇರಿಯ ಕೋಣೆಯಲ್ಲಿತ್ತು. ಕೋಣೆಯ ಬೀಗದ ಕೈ ಲೈನ್‌ಮನ್‌ನ ಜೇಬಿನಲ್ಲಿತ್ತು.

ಅವನು ಹೊರಗೆ ನೋಡಿದ. ದೋಣಿಯ ಪಕ್ಕ ನಿಜವಾಗಿಯೂ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಒಂದು ಸಣ್ಣ ಪಾತ್ರೆ. ತಾಯಿಗೆಂದು ಗಂಜಿ ತಂದಿದ್ದಳಂತೆ. ಅವಳು ಇವನನ್ನು ಬೈಯಲಿಲ್ಲ. "ದೋಣಿ ಬಿಡ್ತಾರೇನ್ರಿ?" ಎಂದಷ್ಟೇ ಕೇಳಿದಳು. ಅವನಿಗೆ ನಾಚಿಕೆಯಾಯಿತು. ಓಡಿ ಬೈಕ್ ಹತ್ತಿದ.

ಇಪ್ಪತ್ತು ಮೈಲಿ ಹಿಂದಕ್ಕೆ ಬಂದು, ಬೀಗ ತೆಗೆದು ಗುಂಡಿ ಒತ್ತಿದಾಗ ಎರಡು ಗಂಟೆಯಾಗಿತ್ತು. ಸೈರನ್ ಚೆನ್ನಾಗಿಯೇ ಕೂಗಿತು. ದೋಣಿ ಹೊರಟಿತು. ಹೆಂಗಸು ಮನೆ ಮುಟ್ಟುವ ಹೊತ್ತಿಗೆ ತಾಯಿ ತೀರಿಕೊಂಡು ಒಂದು ಗಂಟೆಯಾಗಿತ್ತು.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು.

ಮರಿದೇವನಿಗೆ ಆ ಹೆಂಗಸಿನ ಬಗ್ಗೆ ಸಂಕಟವಾಯಿತು. ಆದರೂ ಅನುಮಾನ ಬಿಡಲಿಲ್ಲ. ಗುರುಗಳು ಲೈನ್‌ಮನ್ನನ್ನು ಮುಂದೆ ಮಾಡಿ ತನಗೇ ಏನೋ ಅನ್ನುತ್ತಿದ್ದಾರೆ ಎನಿಸಿತು. ಅವನು ತುಸು ಬಿಗುವಾಗಿಯೇ ಹೇಳಿದ: "ಆ ಲೈನ್‌ಮನ್ ಪರೀಕ್ಷೆ ಮಾಡಿದ್ದ ತಪ್ಪು ಅಂತೀರೇನ್ರಿ ಅಪ್ಪಾರ? ಆಚಿ ಕಡೆಯಾಂವ ಎಂಥಾಂವ ಅಂತ ಅವಗ ಹ್ಯಾಂಗ ಗೊತ್ತಾಗಬೇಕು? ನಾನೂ ನಾಲ್ಕು ಮಂದೀನ ಪರೀಕ್ಷೆ ಮಾಡೇ ಕಳಿಸೇನಿ."

ಗುರುಗಳು ಅವನ ಮುಖ ನೋಡಿ ಕೇಳಿದರು: "ಆ ನಾಲ್ಕು ಮಂದಿಯೊಳಗ ಒಬ್ಬನ ಪರೀಕ್ಷೆನಾದ್ರೂ ಮುಗಿಯಾಕ ಬಿಟ್ಟೀಯೇನಪಾ?"