ಕಬ್ಬಿಣದ ಕೇರಿಯ ಗೋಡೆ

ಭೂಮಿ ಆಗ ತಾನೇ ಒಲೆಯಿಂದ ಇಳಿಸಿದ ರೊಟ್ಟಿಯ ಹಾಗೆ ಬಿಸಿಯಾಗಿದ್ದ ಕಾಲ.

ಬೆಂಕಿಯ ಹೊಳೆಯೊಂದು ಕಬ್ಬಿಣದ ಕಣಗಳನ್ನು ತಂದು ಒಂದು ಬಂಡೆಯ ಮೇಲೆ ಹರಡಿತು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ. ಆ ಕಣಗಳಿಗೆ ಮುಖವಿತ್ತು, ಬೆನ್ನಿತ್ತು, ಕಾಲಿರಲಿಲ್ಲ. ಕೂತ ಜಾಗ ಬಿಟ್ಟು ಏಳುವಂತಿಲ್ಲ. ಕೂತಲ್ಲೇ ತಿರುಗಬಹುದು, ಅಷ್ಟೇ.

ಬಂಡೆ ಬಿಸಿಯಿರುವ ತನಕ ಎಲ್ಲರೂ ಗಿರಗಿರ ತಿರುಗಿ ಆಡಿದರು. ಬೀರವ್ವ ಎಂಬ ಕಣವೂ ಆಡಿದಳು, ದೂರದಲ್ಲಿ ಕೂತಿದ್ದ ಅವಳ ತಂಗಿ ಚಿನ್ನವ್ವನೂ ಆಡಿದಳು. ಇಬ್ಬರ ಮುಖ ಎದುರಾದಾಗಲೆಲ್ಲ ಇಬ್ಬರೂ ನಗುತ್ತಿದ್ದರು.

ಬಂಡೆ ಆರಿತು. ಆಗ ಕಣಗಳಲ್ಲಿ ಒಂದು ಪದ್ಧತಿ ಬಂತು. ಪಕ್ಕದವರು ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಗೇ ಮುಖ ಮಾಡಬೇಕು. ಒಂದು ಕೇರಿ ಮೂಡಣಕ್ಕೆ ತಿರುಗಿತು, ಇನ್ನೊಂದು ಪಡುವಣಕ್ಕೆ. ಚಿನ್ನವ್ವ ಪಡುವಣದವರಲ್ಲಿ ಸೇರಿಹೋದಳು. ಬೀರವ್ವ ಮೂಡಣ ಕೇರಿಯ ಅಂಚಿನಲ್ಲಿ, ಆ ಪಕ್ಕದವರಿಗೂ ಈ ಪಕ್ಕದವರಿಗೂ ಅರೆಬರೆ ಹೊಂದಿಕೊಂಡು, ಓರೆಯಾಗಿ ಕೂತಳು. ತಂಗಿ ಕಣ್ಣಿಗೆ ಬೀಳದಾದಳು.

ಬೀರವ್ವ ಕೇರಿಯ ಯಜಮಾನ ತಿಪ್ಪಜ್ಜನನ್ನು ಕೇಳಿದಳು. “ಅಜ್ಜಾ, ನನ್ನ ತಂಗಿ ಯಾಕೆ ಕಾಣ್ತಿಲ್ಲ?”

“ನಡುವೆ ಗೋಡೆ ಇದೆಯಮ್ಮ.”

“ಯಾರು ಕಟ್ಟಿದ್ದು?”

“ಯಾರು ಕಟ್ಟೋದು? ಅನಾದಿಯಿಂದ ಇದೆ.”

“ಲೋಕ ಹುಟ್ಟಿ ಇನ್ನೂ ಮೈ ಆರಿಲ್ಲ, ಆಗಲೇ ಅನಾದಿ ಶುರುವಾಯ್ತಾ?”

“ಬಾಯಿ ಮುಚ್ಚು! ಆಚೆಯವರು ಆಚೆ, ಈಚೆಯವರು ಈಚೆ. ಎಷ್ಟು ಶಾಂತವಾಗಿದೆ ನೋಡು.”

ಶಾಂತವಾಗಿತ್ತು, ನಿಜ. ಒಂದು ಕೇರಿಯ ಬಲವನ್ನು ಇನ್ನೊಂದು ಕೇರಿ ಹೊಡೆದು ಹಾಕುತ್ತಿತ್ತು. ಹೊರಗಿನ ಒಂದು ಚೂರು ಕಬ್ಬಿಣದ ಧೂಳನ್ನು ಎಳೆಯುವ ತ್ರಾಣವೂ ಯಾರಲ್ಲೂ ಉಳಿದಿರಲಿಲ್ಲ. ಯಜಮಾನರು ಇದಕ್ಕೇ ಶಾಂತಿ ಎಂದು ಹೆಸರಿಟ್ಟಿದ್ದರು.

ಬೀರವ್ವ ದಿನವೂ ಗೋಡೆಗೆ ಬೈದಳು. ಬೈದು ಸಾಕಾದಾಗ ಮೆಲ್ಲಗೆ ಕರೆದಳು, “ಚಿನ್ನೀ...”

ಗಾಳಿಯನ್ನು ಕೇಳಿದಳು. “ನಾನು ಮೇಲೆ ಮೇಲೆ ಹೋಗುವವನು. ಒಳಗಿನದು ನನಗೇನು ಗೊತ್ತು?” ಎಂದಿತು ಗಾಳಿ.

ಬಿಸಿಲನ್ನು ಕೇಳಿದಳು. “ನಾನು ಮೈಗೆ ಬಡಿದು ವಾಪಸ್ ಹೋಗುವವನು. ಕಣ್ಣಿಗೆ ಕಾಣದ ತಂಗಿ ಒಬ್ಬಳಿದ್ದಾಳೆ ನನಗೆ. ಅವಳು ಒಳಗೆ ತೂರುತ್ತಾಳೆ. ಕಳಿಸುತ್ತೇನೆ,” ಎಂದಿತು ಬಿಸಿಲು.

ಕಾಣದ ಕಿರಣ ಬಂದಳು. ಬುಗುರಿಯ ಹಾಗೆ ಸುತ್ತುತ್ತಾ, ಓರೆಯಾಗಿ, ಕಬ್ಬಿಣವನ್ನು ತೂರಿಕೊಂಡು ಬಂಡೆಯ ಮೇಲೆ ಬಿದ್ದಳು. ಅವಳು ಸುತ್ತುವ ದಿಕ್ಕಿಗೆ ಹೊಂದಿ ಕೂತಿದ್ದ ಮೂಡಣದವರು ಅವಳನ್ನು ಗಟಗಟ ಕುಡಿದರು, ಪಡುವಣದವರು ಒಂದೇ ಗುಟುಕು ಕುಡಿದು ಉಳಿದದ್ದನ್ನು ಬಿಟ್ಟರು. ಹಾಗಾಗಿ ಬಂಡೆಯ ಮೇಲೆ ಒಂದು ಪಟ್ಟೆ ಕಪ್ಪಾಗಿ, ಒಂದು ಪಟ್ಟೆ ಬೆಳ್ಳಗೆ ಮೂಡಿತು.

“ಗೋಡೆ ಎಷ್ಟು ದಪ್ಪ ಇದೆ, ಕಿರಣಕ್ಕಾ?”

“ಯಾವ ಗೋಡೆ? ಕಲ್ಲಿಲ್ಲ, ಮಣ್ಣಿಲ್ಲ. ಕಪ್ಪು ಪಟ್ಟೆಗೂ ಬಿಳಿ ಪಟ್ಟೆಗೂ ನಡುವೆ ನಿಮ್ಮವರೇ ಓರೆಯಾಗಿ ಕೂತಿದ್ದಾರೆ. ನಿನ್ನ ಹಾಗೆ.”

“ಅಂದ್ರೆ ಇಷ್ಟು ದಿನ ನಾನು ಬೈದಿದ್ದು...”

“ನಿನಗೇ. ಆಚೆ ಚಿನ್ನವ್ವನೂ ನಿನ್ನನ್ನೇ ಗೋಡೆ ಅಂದ್ಕೊಂಡು ಬೈತಿದ್ದಾಳೆ. ನಿನಗಿಂತ ಚೆನ್ನಾಗಿ ಬೈತಾಳೆ.”

ಬೀರವ್ವನಿಗೆ ಅಳು ಬಂತು, ನಗು ಬಂತು, ಕೊನೆಗೆ ಸಿಟ್ಟು ಬಂತು. ಹಲ್ಲು ಕಚ್ಚಿ ತಿರುಗಲು ನೋಡಿದಳು. ಪಕ್ಕದವರು ಬಿಡಲಿಲ್ಲ.

ಅಷ್ಟರಲ್ಲಿ ಗುಡ್ಡದಿಂದ ಒಂದು ಸೂಜಿಗಲ್ಲು ಉರುಳಿ ಬಂತು. ನೀವು ಅಯಸ್ಕಾಂತ ಎನ್ನುತ್ತೀರಲ್ಲ, ಅದು.

“ತಿರುಗ್ತೀಯಾ?” ಎಂದಿತು.

“ಒಬ್ಬಳಿಂದ ಆಗ್ತಿಲ್ಲ. ಜೊತೆಗೆ ನೀನೂ ಎಳಿ!”

ಸೂಜಿಗಲ್ಲು ಬಂಡೆಯನ್ನು ಪಡುವಣಕ್ಕೆ ಸವರಿಕೊಂಡು ಹೋಯಿತು. ಮೊದಲು ಬೀರವ್ವ ತಿರುಗಿದಳು. ಅವಳ ಪಕ್ಕದವರು ತಿರುಗಿದರು. ಅವರ ಪಕ್ಕದವರು ತಿರುಗಿದರು.

“ಏಯ್, ನನ್ನನ್ನು ಯಾರು ತಿರುಗಿಸಿದ್ದು?” ಎಂದು ತಿಪ್ಪಜ್ಜ ಕೂಗಿಕೊಂಡೇ ತಿರುಗಿದ.

“ನಿಮ್ಮದೇ ಪದ್ಧತಿ, ಅಜ್ಜಾ. ಪಕ್ಕದವರ ಹಾಗೆ ಇರಬೇಕು!”

ಗೋಡೆ ಹೋಯಿತು. ದೂರದಲ್ಲಿ ತಂಗಿಯ ಬೆನ್ನು ಕಂಡಿತು.

“ಚಿನ್ನೀ!”

“ಅಕ್ಕಾ! ತಿರುಗಿ ನೋಡಲಾ?”

“ಬೇಡ ಕಣೇ. ನೀನು ತಿರುಗಿದರೆ ಮತ್ತೆ ಗೋಡೆ ಏಳುತ್ತೆ.”

“ನಿನ್ನನ್ನ ಮುಟ್ಟಬೇಕು ಅನ್ಸುತ್ತೆ, ಅಕ್ಕಾ.”

“ನನಗೂ.”

ಕಾಲಿಲ್ಲದವರು ಹೇಗೆ ಮುಟ್ಟುತ್ತಾರೆ? ಕೇರಿಯಲ್ಲಿ ಪ್ರತಿಯೊಬ್ಬರಿಗೂ ಹಾಗೆ ಮುಟ್ಟಲಾಗದ ಒಬ್ಬರಿದ್ದರು. ಎಲ್ಲರ ಹಂಬಲವೂ ಒಂದೇ ಕಡೆಗೆ ಹರಿದು, ಒಂದಾಗಿ, ಬಂಡೆಯ ಅಂಚು ದಾಟಿತು. ಆಚೆ ಬಿದ್ದಿದ್ದ ಕಬ್ಬಿಣದ ಮರಳು ಎದ್ದು, ಹಾರಿ ಬಂದು, ಅವರನ್ನು ಅಪ್ಪಿಕೊಂಡಿತು.

ಆಸ್ಪತ್ರೆಯಲ್ಲಿ ನಿನ್ನ ಮೂಳೆ ತೋರಿಸುವ ಎಕ್ಸ್-ರೇ ಆ ಕಿರಣಕ್ಕನೇ. ತೆಳ್ಳನೆಯ ಕಬ್ಬಿಣದೊಳಗಿನ ಕಪ್ಪು ಬಿಳಿ ಕೇರಿಗಳನ್ನು ಇವತ್ತಿಗೂ ವಿಜ್ಞಾನಿಗಳಿಗೆ ತೋರಿಸುವವಳು ಅವಳೇ. ಸುಮ್ಮನೆ ಬಿದ್ದ ಮೊಳೆಯೊಳಗೆ ಕೇರಿಗಳು ಈಗಲೂ ಬೇರೆ ಬೇರೆ ಕಡೆ ಮುಖ ಮಾಡಿ ಕೂತಿರುತ್ತವೆ. ಆ ಮೊಳೆಯನ್ನು ನೀನು ಅಯಸ್ಕಾಂತದಿಂದ ಒಂದೇ ಕಡೆಗೆ ಸವರಿದಾಗ ಗುಂಡುಪಿನ್ನು ಹಾರಿ ಬಂದು ಅಂಟುತ್ತದಲ್ಲ ಮಗೂ, ಅದು ಒಳಗೆ ಒಬ್ಬರನ್ನೊಬ್ಬರು ಮುಟ್ಟಲಾಗದವರೆಲ್ಲ ಸೇರಿ ಹೊರಗೆ ಚಾಚಿದ ಕೈ.